ಎರಡು ಚಿತ್ರಗಳ ನಡುವಿನ ಕಲ್ಲು

ಹೋದ ತಿಂಗಳು ಬೀದರಿನ ಚಿದ್ರಿಗೆ ಹೋಗಿದ್ದೆ. ಹಳೆಯ ನೆರೆಮನೆಯವರ ಮಗಳ ಮದುವೆ. ಓಣಿಯ ತಿರುವಿನಲ್ಲಿ, ಮದುವೆ ಮನೆಗೆಂದು ತರಿಸಿದ ನೀರಿನ ಟ್ಯಾಂಕರ್ ನಿಂತಿತ್ತು. ಡ್ರೈವರ್ ಪೈಪು ಬಿಚ್ಚಿದಾಗ ಕಾದ ಮಣ್ಣಿನ ಮೇಲೆ ನೀರು ಸುರಿಯಿತು. ಆ ವಾಸನೆಗೆ ಡೀಸೆಲ್ ಹೊಗೆ ಬೆರೆತು ಮೂಗಿಗೆ ಬಂದದ್ದೇ ತಡ, ನನ್ನ ಎಡಗೈ ತಾನಾಗಿ ಮೇಲೆದ್ದು ಮುಖ ಮುಚ್ಚಿಕೊಂಡಿತು. "ತಲಿ ತಿರಗಲತ್ತದೇನ್ರಿ ಮೇಡಂ?" ಎಂದು ಜೊತೆಗಿದ್ದವರು ಕೇಳಿದರು. ಇಲ್ಲ ಎಂದು ಮುಂದೆ ನಡೆದೆ. ಆದರೆ ಊಟಕ್ಕೆ ಕೂತಾಗಲೂ ಆ ವರ್ಷ ಎದುರಿಗೇ ಕೂತಿತ್ತು.

ಮಳೆ ಎರಡನೆಯ ಸಲ ಕೈಕೊಟ್ಟ ವರ್ಷ ಅದು. ಔರಾದ ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿತ್ತು. ಹೈದರಾಬಾದಿನ ಬಸ್ಸುಗಳಲ್ಲಿ ಜನಕ್ಕಿಂತ ಹಾಸಿಗೆ ಸುರುಳಿ, ಕೊಡ, ಪಾತ್ರೆ ಗಂಟುಗಳೇ ಹೆಚ್ಚು. ಅಷ್ಟು ದೂರ ಹೋಗಲಾರದವರು ಬೀದರಿನಲ್ಲೇ ಇಳಿದು ಚಿದ್ರಿಯ ಕಡೆ ಒಂದೊಂದು ಖೋಲಿ ಹಿಡಿದರು. ನಾವೂ ಔರಾದ ತಾಲ್ಲೂಕಿನವರೇ. ಅಪ್ಪ ಮಾಸ್ತರರಾಗಿ ಸಂತಪುರದಿಂದ ಬೀದರಿಗೆ ವರ್ಗವಾಗಿ ಬಂದಾಗ ನಾನು ಅವ್ವನ ಸೊಂಟದ ಮೇಲಿದ್ದೆ. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ತಮ್ಮ ಮಿಲಿಂದ ಮೂರೇ ಜನ. ಮಿಲಿಂದನಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾಗಿ, ಪೊಲೀಸ್ ಪರಿಶೀಲನೆ ಮುಗಿದು ಆರ್ಡರ್ ಬರುವುದೊಂದೇ ಬಾಕಿಯಿತ್ತು. ಅವನೂ ಓಣಿಯ ಉಳಿದವರಂತೆ ಹೊಸದಾಗಿ ಬಂದವರನ್ನು "ಹೊರಗಿನವರು" ಎನ್ನುತ್ತಿದ್ದ. "ನಾವೂ ಅದೇ ಬಸ್ಸಿನಾಗ ಬಂದವರು" ಎಂದು ಅವ್ವ ಅಂದರೆ, "ಆಗ ನಳದಾಗ ನೀರು ಬರ್ತಿತ್ತವ್ವ" ಎಂದು ಮಾತು ಮುಗಿಸುತ್ತಿದ್ದ.

ನಾನು ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಂಪ್ಯೂಟರ್ ಚಿತ್ರವನ್ನು ಹೇಗೆ ನೋಡುತ್ತದೆ ಎಂಬುದು ನನ್ನ ವಿಷಯ. ಮೊದಲ ತರಗತಿಯಲ್ಲೇ ಹೇಳಿಬಿಡುತ್ತಿದ್ದೆ: ಅದು ನೋಡುವುದೇ ಇಲ್ಲ. ನೀವು ಕೊಟ್ಟ ಫೋಟೋವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದು ಅಂಕಿ ಕೊಡುತ್ತದೆ. ಅಚ್ಚ ಕಪ್ಪಿಗೆ ಸೊನ್ನೆ, ಬೆಳಕು ಹೆಚ್ಚಿದಂತೆ ಅಂಕಿ ಹೆಚ್ಚು. ಪಕ್ಕಪಕ್ಕದ ಚೌಕಗಳ ಅಂಕಿ ಒಮ್ಮೆಲೇ ಬದಲಾದರೆ ಅಲ್ಲೊಂದು ಅಂಚಿದೆ ಎಂದು ಲೆಕ್ಕ ಹಾಕುತ್ತದೆ. ಅಂಚು ಸೇರಿ ಮೂಗು, ಮೂಗು ಕಣ್ಣು ಸೇರಿ ಮುಖ. ಸಾವಿರಾರು ಮುಖ ತೋರಿಸಿ ಕಲಿಸಿದರೆ ಮುಂದೆ ತಾನೇ ಗುರುತಿಸುತ್ತದೆ. ಮನುಷ್ಯ ಮಾತ್ರ ನಿಜವಾಗಿ ನೋಡುತ್ತಾನೆ ಎಂದು ಆಗ ನಾನು ಪಾಠ ಮುಗಿಸುತ್ತಿದ್ದೆ.

ಬೇಸಿಗೆ ಏರಿದಂತೆ ಟ್ಯಾಂಕರ್ ಬರುವ ದಿನಗಳ ನಡುವಿನ ಅಂತರವೂ ಏರಿತು. ಆ ದಿನ ನಾನು ಭಾಲ್ಕಿಯಿಂದ ಮರಳಿ, ಹೆಗಲ ಚೀಲ ಇಳಿಸಿ, ಹಾಗೇ ಕೊಡ ಹಿಡಿದು ಹೊರಬಂದೆ. ಬಿಸಿಲು ಇನ್ನೂ ಇತ್ತು. ಪೈಪಿಗೆ ಮುಖ ಮಾಡಿ ನಿಂತರೆ ಎಡಕ್ಕೆ, ಹಿಟ್ಟಿನ ಗಿರಣಿಯ ಬದಿಗೆ, ಓಣಿಯ ಹಳಬರು. ಬಲಕ್ಕೆ, ಬೇವಿನ ಮರದ ಬದಿಗೆ, ಹೊಸಬರು. ಆ ಕಡೆಯಿಂದೊಬ್ಬರು, ಈ ಕಡೆಯಿಂದೊಬ್ಬರು ತುಂಬಿಕೊಳ್ಳಬೇಕೆಂದು ಮಾತಾಗಿತ್ತು. ಟ್ಯಾಂಕರ್ ಅರ್ಧಕ್ಕಿಂತ ಕೆಳಗಿಳಿಯುವವರೆಗೆ ಮಾತು ನಡೆಯಿತು. ಆಮೇಲೆ ಹೊಸಬರ ಪೈಕಿ ಮಾರುತಿ ಎಂಬಾತ ದನಿ ಎತ್ತಿದ. ಔರಾದ ಪಕ್ಕದ ಹಳ್ಳಿಯವನು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಕಟ್ಟುವ ಕೆಲಸ ಮಾಡುತ್ತಿದ್ದ, ಗಂಟಲು ದೊಡ್ಡದು. "ಎರಡ್ ಕೊಡ ನಿಮ್ದು, ಒಂದ್ ಕೊಡ ನಮ್ದು, ಇದ್ಯಾವ ನ್ಯಾಯರಿ?" ಎಂದ.

ಯಾರು ಯಾರನ್ನು ಮೊದಲು ದೂಡಿದರೋ ತಿಳಿಯದು. ಒಬ್ಬಳ ಜಡೆ ಇನ್ನೊಬ್ಬಳ ಮುಷ್ಟಿಯಲ್ಲಿತ್ತು. ಸ್ಟೀಲಿನ ಕೊಡವೊಂದು ಮುದುಕಿಯೊಬ್ಬಳ ಹಣೆಗೆ ಬಡಿದು, ಅವಳು ನೀರಲ್ಲೇ ಕುಸಿದಳು. ಗಂಡಸರು ಓಡಿ ಬಂದರು. ಮನೆ ಕಟ್ಟಲು ಯಾರೋ ಜಲ್ಲಿ ಸುರಿದಿದ್ದರು. ಆ ರಾಶಿ ಎರಡೂ ಕಡೆಯವರ ಕೈಗೆಟುಕುವಂತಿತ್ತು. ಕಲ್ಲುಗಳು ಟ್ಯಾಂಕರಿನ ತಗಡಿಗೆ ಬಡಿಯತೊಡಗಿದವು. ಒಬ್ಬನ ಹಲ್ಲು ಮುರಿದು ಬಾಯಿಂದ ರಕ್ತದ ಜೊತೆ ಹೊರಬಿದ್ದುದನ್ನು ನೋಡಿದೆ. ನನ್ನ ಕೊಡ ಅರ್ಧ ತುಂಬಿತ್ತು. ಅದನ್ನು ಬಿಟ್ಟು ಓಡಬೇಕೆಂದು ಹೊಳೆಯಲೇ ಇಲ್ಲ.

ನೋವು ಮೊದಲು ಬರಲಿಲ್ಲ. ತಲೆಯೊಳಗೆ ಬೆಳ್ಳನೆಯ ಬೆಳಕೊಂದು ಒಡೆಯಿತು. ಆಮೇಲೆ ಬೆರಳ ಸಂದಿಯಿಂದ ಬೆಚ್ಚಗೆ ಏನೋ ಸೋರಿ ಮೊಣಕೈವರೆಗೆ ಬಂತು. ಅದು ಬರೀ ರಕ್ತವಲ್ಲ ಎಂದು ಬೆರಳಿಗೆ ತಿಳಿಯಿತು. ಕೂಗಿದೆನಂತೆ. ನನಗದು ಕೇಳಿದ ನೆನಪಿಲ್ಲ.

ಬೀದರಿನಲ್ಲಿ ಹತ್ತಿ ಒತ್ತಿ ಪಟ್ಟಿ ಕಟ್ಟಿ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಎಡಗಣ್ಣು ತೆಗೆದರು. ಎಚ್ಚರವಾದಾಗ ಮಿಲಿಂದ ಮಂಚದ ಪಕ್ಕದಲ್ಲಿದ್ದ. ಅವನ ಬಲಗೈ ಗೆಣ್ಣುಗಳು ಕಿತ್ತು ಬಾತಿದ್ದವು.

"ಮಾರುತಿ ಅಕ್ಕ, ಆ ಸೆಂಟ್ರಿಂಗ್ನಂವ. ಬಿಟ್ಟಿಲ್ಲ ಅವನಿಗ" ಎಂದು ಫೋನು ನನ್ನ ಬಲಗಣ್ಣಿನ ಹತ್ತಿರ ಹಿಡಿದ. ಬೇವಿನ ಮರಕ್ಕೆ ಕಟ್ಟಿದ ಮನುಷ್ಯ. ಒಂದು ಕಡೆಯ ಮುಖ ಉಬ್ಬಿ ಕಣ್ಣು ಮುಚ್ಚಿತ್ತು. ಬಲಗೈ ಮೊಣಕೈಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿ ಜೋತಿತ್ತು. ಕೆಂಪು ಅಂಗಿ. ಪೊಲೀಸರು ಬರುವವರೆಗೆ ಕಟ್ಟಿಗೆಯಿಂದ ಹೊಡೆದು, ಆಮೇಲೆ ಅವರ ಕೈಗೆ ಒಪ್ಪಿಸಿದರಂತೆ. ಮುಂದೆ ನಿಂತವನು ನನ್ನ ತಮ್ಮ.

ನನಗೆ ಕನಿಕರ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ಆ ಚಿತ್ರ ನೋಡಿದಾಗ ನನ್ನೊಳಗೆ ಏನೋ ತಣ್ಣಗಾಯಿತು. ಕಣ್ಣು ಮುಚ್ಚಿದರೆ ಇಡೀ ಘಟನೆ ಮತ್ತೆ ನಡೆಯುತ್ತಿತ್ತು: ನಾನು ಬಲಕ್ಕೆ ತಿರುಗುತ್ತೇನೆ, ಬೇವಿನ ನೆರಳಲ್ಲಿ ಕೆಂಪು ಅಂಗಿಯ ಮಾರುತಿ ಕೈ ಎತ್ತುತ್ತಾನೆ, ಕಲ್ಲು ಬರುತ್ತದೆ. ಅವನ ಮೀಸೆ ಕೂಡ ಕಾಣುತ್ತಿತ್ತು. ಹೇಳಿಕೆ ಪಡೆಯಲು ಪಿಎಸ್‌ಐ ಫೋನು ಮಾಡಿದಾಗ, ಗಾಯ ಮಾಯುವವರೆಗೆ ತಡೆಯಿರಿ ಎಂದು ಡಾಕ್ಟರು ಹೇಳಿದರು. ಇಲ್ಲದಿದ್ದರೆ ಅಂದೇ ಹೇಳಿಬಿಡುತ್ತಿದ್ದೆ.

ಇಲ್ಲದ ಕಣ್ಣು ಸುಮ್ಮನಿರಲಿಲ್ಲ. ಎಡಗಡೆಯ ಕತ್ತಲಲ್ಲಿ ಬಣ್ಣದ ಜಾಲರಿ ಹರಿದಾಡುತ್ತಿತ್ತು. ಕೆಲವು ಸಲ ಯಾರೋ ಗೊತ್ತಿಲ್ಲದವರ ಮುಖ ತೇಲಿ ಹೋಗುತ್ತಿತ್ತು. ಹುಚ್ಚು ಹಿಡಿಯುತ್ತಿದೆ ಎಂದು ಹೆದರಿ ಡಾಕ್ಟರಿಗೆ ಹೇಳಿದೆ. ಆಕೆ ನಗಲಿಲ್ಲ. "ಕಣ್ಣು ಬೆಳಕನ್ನ ಒಳಗೆ ಕಳಿಸುತ್ತೆ ಅಷ್ಟೇ. ಚಿತ್ರ ಮಾಡೋದು ತಲೆಯ ಹಿಂಭಾಗ. ಕಳಿಸೋರು ಇಲ್ಲ ಅಂತ ಅದು ಕೆಲಸ ನಿಲ್ಲಿಸಲ್ಲ. ತನಗೆ ತೋಚಿದ್ದನ್ನ ಮಾಡ್ತಾ ಕೂತಿರುತ್ತೆ" ಎಂದರು.

ಊರಿಗೆ ಬಂದ ಮೇಲೆ ಮೆಟ್ಟಿಲು ತಪ್ಪಿ ಬಿದ್ದೆ, ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡೆ. ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳು ಚುಚ್ಚಿಕೊಂಡೆ. ಎರಡು ಕಣ್ಣು ಕಾಣುವ ಎರಡು ಚಿತ್ರಗಳ ಚೂರು ವ್ಯತ್ಯಾಸದಿಂದ ಮಿದುಳು ದೂರವನ್ನು ಅಳೆಯುತ್ತದೆ ಎಂದು ನಾನೇ ಪಾಠ ಹೇಳಿದ್ದೆ. ಈಗ ಆ ಅಳತೆ ಹೋಗಿತ್ತು. ಸಿಟ್ಟು ಬಂದಾಗಲೆಲ್ಲ ಮಾರುತಿಯ ಮುರಿದ ಕೈಯನ್ನು ನೆನೆಯುತ್ತಿದ್ದೆ.

ಕಾಲೇಜಿಗೆ ಮತ್ತೆ ಹೋದ ವಾರ ಹುಡುಗರಿಗೆ ಒಂದು ಆಟ ಆಡಿಸಿದೆ. ಹಾಳೆಯ ಮೇಲೆ ಒಂದು ಗುಣಿಸು ಚಿಹ್ನೆ, ಅದರ ಬಲಕ್ಕೆ ನಾಲ್ಕು ಬೆರಳಗಲ ದೂರ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ಹತ್ತಿರ ತನ್ನಿ ಎಂದೆ. ಒಂದು ಹಂತದಲ್ಲಿ ಚುಕ್ಕೆ ಮಾಯವಾಯಿತು. ಕಣ್ಣಿನ ನರ ಹೊರಹೋಗುವ ಜಾಗದಲ್ಲಿ ಯಾರಿಗೂ ಕಾಣುವುದಿಲ್ಲ.

"ಅಲ್ಲಿ ತೂತು ಕಾಣಬೇಕಿತ್ತಲ್ರಿ ಮೇಡಂ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. "ಬರೇ ಬಿಳಿ ಹಾಳಿ ಕಾಣ್ಲತ್ತದ."

"ಸುತ್ತ ಬಿಳಿ ಇದೆ, ಇಲ್ಲೂ ಬಿಳಿಯೇ ಇರಬೇಕು ಅಂತ ಮಿದುಳು ತುಂಬಿಬಿಟ್ಟಿದೆ. ತುಂಬಿದ್ದು ಅಂತ ನಿನಗೆ ಹೇಳೋದಿಲ್ಲ" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಒಂದು ಗಳಿಗೆ ಹಲಗೆಯ ಕಡೆ ತಿರುಗಿ ನಿಂತೆ. ಯಾಕೆಂದು ನನಗೇ ತಿಳಿಯಲಿಲ್ಲ.

ಆ ಹೊತ್ತಿಗೆ ಒಂದು ವಿಡಿಯೋ ಹೊರಬಂದಿತ್ತು. ಜಗಳವನ್ನು ಎದುರು ಮನೆಯ ಮಾಳಿಗೆಯಿಂದ ಯಾರೋ ಅಗ್ಗದ ಫೋನಿನಲ್ಲಿ ಹಿಡಿದಿದ್ದರು. ಪಿಎಸ್‌ಐ ಅದನ್ನು ನಮ್ಮ ಕಾಲೇಜಿನ ಖಾದರ್ ಸರ್‌ಗೆ ಕಳಿಸಿ, ಮುಖ ದೊಡ್ಡದು ಮಾಡಲು ಆಗುತ್ತದೆಯೇ ಎಂದು ಕೇಳಿದ್ದರು. ಖಾದರ್ ಸರ್ ನನಗಿಂತ ಹಿರಿಯರು, ನನ್ನ ವಿಭಾಗದವರೇ. ಮಸುಕು ಮುಖವನ್ನು ಸ್ಪಷ್ಟ ಮಾಡುವ ಒಂದು ಹೊಸ ಪ್ರೋಗ್ರಾಂ ಅವರ ಬಳಿಯಿತ್ತು. ನಾನೂ ಮಿಲಿಂದನೂ ಅವರ ಪಕ್ಕ ಕೂತೆವು. ಬೇವಿನ ಮರದ ಕೆಳಗೆ ಕೈ ಎತ್ತಿದ ಆಕೃತಿಯೊಂದಿತ್ತು. ಮರದ ನೆರಳಲ್ಲಿ ಅಂಗಿಯ ಬಣ್ಣವೂ ತಿಳಿಯುತ್ತಿರಲಿಲ್ಲ; ಮುಖ ಎಂಬುದು ಬೆರಳೆಣಿಕೆಯ ಬೂದು ಚೌಕಗಳು. ಪ್ರೋಗ್ರಾಂ ಓಡಿಸಿದರು. ಪರದೆಯ ಮೇಲೆ ಹುಬ್ಬು, ಮೂಗು, ಮೀಸೆ ಮೂಡಿದವು.

"ಇಂವನೇ" ಎಂದು ಮಿಲಿಂದ ಮೇಜಿಗೆ ಗುದ್ದಿದ. "ಬರೋಬ್ಬರಿ ಇಂವನೇ. ಕಂಪ್ಯೂಟರ್ ಭೀ ಹೇಳ್ತು ನೋಡಕ್ಕ."

ನನಗೂ ಹಾಗೇ ಅನ್ನಿಸಿತು. ಆದರೆ ಪಾಠ ಹೇಳಿ ಹೇಳಿ ಬೆಳೆದ ಅನುಮಾನದ ಚಟ ಬಿಡಲಿಲ್ಲ. "ಸರ್, ಟ್ಯಾಂಕರಿನ ಗಾಲಿ ಹತ್ರ ಬಿದ್ದಿರೋ ಆ ಕೊಡ ಕೊಟ್ಟು ನೋಡ್ರಿ" ಎಂದೆ. ಅವರು ಕೊಡವಿದ್ದ ಚೌಕಗಳನ್ನು ಕತ್ತರಿಸಿ ಕೊಟ್ಟರು. ಕೊಡಕ್ಕೂ ಎರಡು ಕಣ್ಣು, ಒಂದು ಮೂಗು, ಅರೆತೆರೆದ ಬಾಯಿ ಬಂದವು. ಸಂಜೆಯ ಬೆಳಕಿನಲ್ಲಿ ಯಾರೋ ನಮ್ಮನ್ನೇ ನೋಡುತ್ತಿದ್ದಂತಿತ್ತು.

ಖಾದರ್ ಸರ್ ಕನ್ನಡಕ ತೆಗೆದರು. "ಇದಕ್ಕ ಬರೇ ಮುಖನೇ ತೋರ್ಸಿ ಕಲಿಸ್ಯಾರ ಮೇಡಂ. ಏನ್ ಕೊಟ್ರೂ ಮುಖನೇ ಮಾಡ್ತದ. ಇದು ಸ್ಟೇಶನ್ನಿಗ ಕಳಿಸಲಕ್ಕ ಬರಲ್ಲ" ಎಂದರು. ಮಿಲಿಂದ ಕುರ್ಚಿ ಒದ್ದು ಹೊರಗೆ ಹೋದ. ಕುರ್ಚಿಯ ಕಾಲು ಮುರಿಯಿತು.

ಮಾರುತಿಯ ಹೆಂಡತಿ ಕಮಲಾಬಾಯಿ ಮನೆಗೆ ಬಂದದ್ದು ಆ ಭಾನುವಾರ. ಓಣಿಯಲ್ಲಿ ಅವಳಿಗೆ ನೀರು ಕೊಡಬಾರದೆಂದು ಕಟ್ಟು ಮಾಡಿದ್ದರು. ತುಟಿ ಒಡೆದಿದ್ದವು. ಅಂಗಳದಲ್ಲೇ ನಿಂತಳು. ಮಿಲಿಂದ ಎದ್ದು ಅವಳ ರಟ್ಟೆ ಹಿಡಿದು ಗೇಟಿನ ಕಡೆ ದರದರ ಎಳೆದ. ಅವ್ವ ಅಡ್ಡ ಬಂದು ಅವನ ಕೆನ್ನೆಗೆ ಹೊಡೆದಳು. ಅವನು ಒಳಗೆ ಹೋದ.

"ಅಕ್ಕಾ, ನೀವು ಏನ್ ನೋಡೀರಿ ಅಷ್ಟೇ ಹೇಳ್ರಿ. ಹೆಚ್ಚಿಂದು ಬ್ಯಾಡ" ಎಂದಳು ಕಮಲಾಬಾಯಿ.

"ನಿನ್ನ ಗಂಡನ್ನ ನೋಡೀನಿ. ಕೆಂಪು ಅಂಗಿ ಹಾಕಿದ್ದ" ಎಂದೆ.

"ಅವನ ಹತ್ರ ಕೆಂಪು ಅಂಗಿನೇ ಇಲ್ಲಕ್ಕಾ. ಅವತ್ತು ಬಿಳಿ ಅಂಗಿ ಹಾಕಿದ್ದ."

"ಫೋಟೋದಾಗ ಕೆಂಪು ಅದ."

"ಮೂಗು ಬಾಯಿ ಒಡದಿದ್ರಲ್ರಿ. ಅದು ಬಿಳಿ ಅಂಗಿನೇ. ತೊಳದ್ರೂ ಬಿಡವಲ್ದು."

ಕಟ್ಟೆಯ ಮೇಲೆ ಕೂತೆ. ಅವನ ಅಂಗಿ ಕೆಂಪಾದದ್ದು ನನ್ನ ಕಣ್ಣು ಹೋದ ಮೇಲೆ. ಹಾಗಾದರೆ ಕಲ್ಲೆಸೆಯುವ ಕೆಂಪು ಅಂಗಿಯವನನ್ನು ನಾನು ನೋಡಿದ್ದೆಲ್ಲಿ? ಆಸ್ಪತ್ರೆಯ ಮಂಚದ ಮೇಲೆ, ತಮ್ಮನ ಫೋನಿನಲ್ಲಿ. ನನ್ನ ತಲೆ ಆ ಮುಖವನ್ನು ತಂದು, ಖಾಲಿಯಿದ್ದ ಜಾಗದಲ್ಲಿ ಬೇವಿನ ನೆರಳಿನ ಸಮೇತ ಕೂಡಿಸಿತ್ತು. ನೋಡಿದ ನೆನಪಿಗೂ ಇದಕ್ಕೂ ನನಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅವಳಿಗೆ ಎರಡು ಕೊಡ ನೀರು ಕೊಟ್ಟೆವು. ಓಣಿಯವರು ನೋಡುತ್ತಿದ್ದರು.

ಮರುದಿನ ಭಾಲ್ಕಿಯಲ್ಲಿ ಲ್ಯಾಬಿನ ಬಾಗಿಲು ಹಾಕಿಕೊಂಡು ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಬಿಡಿಸಿದೆ. ವಿಡಿಯೋ ಎಂದರೆ ಬೇಗ ಬೇಗ ತೆಗೆದ ಫೋಟೋಗಳು. ನಡುವಿನ ಚಲನೆಯನ್ನು ನಮ್ಮ ಮಿದುಳು ಜೋಡಿಸಿಕೊಳ್ಳುತ್ತದೆ. ಆ ಫೋನು ಅಗ್ಗದ್ದು, ಫೋಟೋಗಳ ನಡುವೆ ಸಂದು ದೊಡ್ಡದು. ನನ್ನನ್ನು ನಾನು ಸೀರೆಯ ಬಣ್ಣದಿಂದ ಹುಡುಕಿದೆ. ಬಗ್ಗಿ ಕೊಡ ನೋಡುತ್ತಿದ್ದೇನೆ. ಮುಂದಿನದರಲ್ಲಿ ತಲೆ ಎತ್ತಿದ್ದೇನೆ. ಅದರ ಮುಂದಿನದರಲ್ಲಿ ತಿರುಗಿದ್ದೇನೆ, ಎಡಕ್ಕೆ. ಗಿರಣಿಯ ಕಡೆಗೆ. ಬೇವಿನ ಮರಕ್ಕೆ ನನ್ನ ಬೆನ್ನು. ಆಮೇಲಿನ ಚಿತ್ರದಲ್ಲಿ ಕೈ ಮುಖದ ಮೇಲಿದೆ. ಕಲ್ಲು ಎಲ್ಲೂ ಇಲ್ಲ. ನನ್ನ ಕಣ್ಣು ಹೋದದ್ದು ಆ ಎರಡು ಚಿತ್ರಗಳ ನಡುವೆ.

ಕಲ್ಲು ಬಂದದ್ದು ನಮ್ಮವರ ಕಡೆಯಿಂದ. ಗಿರಣಿಯ ಮುಂದೆ ಕೈ ಎತ್ತಿದವರು ಹಲವರಿದ್ದರು. ಎಲ್ಲರ ಮುಖಗಳೂ ಬೂದು ಚೌಕಗಳೇ. ಆದರೆ ಒಬ್ಬನ ಮೇಲೆ ಕಣ್ಣು ನಿಂತುಬಿಟ್ಟಿತು. ಎಡಗಾಲು ಮುಂದಿಟ್ಟು, ಕುತ್ತಿಗೆ ಭುಜದೊಳಗೆ ಎಳೆದುಕೊಂಡು ಹಿಂದಕ್ಕೆ ಬಾಗಿದ ಆ ಭಂಗಿ. ಯಾವ ಪ್ರೋಗ್ರಾಮಿಗೂ ಅದರಲ್ಲಿ ಹೆಸರು ಸಿಗುತ್ತಿರಲಿಲ್ಲ. ಗೊತ್ತಿಲ್ಲದವರನ್ನು ಮಸುಕಿನಲ್ಲಿ ಗುರುತಿಸಲು ಮನುಷ್ಯರಿಗೂ ಆಗುವುದಿಲ್ಲ. ನಾವೇ ಎತ್ತಿ ಆಡಿಸಿದವರನ್ನು ಮಾತ್ರ ನೆರಳಲ್ಲೂ ಗುರುತಿಸುತ್ತೇವೆ. ಅದು ಮಿಲಿಂದ.

ಸ್ಟೇಶನ್ನಿಗೆ ಒಬ್ಬಳೇ ಹೋದೆ. ಪಿಎಸ್‌ಐ ಚಹಾ ತರಿಸಿದರು. "ಮೇಡಂ, ಮಾರುತಿ ಅಂದ್ರ ಮುಗೀತು. ಜನ ಸಿಟ್ಟಿಗೆದ್ದು ಹೊಡದ್ರು ಅಂತಾಗ್ತದ. ಇಲ್ಲಾಂದ್ರ ಅವನಿಗ ಹೊಡದಿದ್ದು ನಿಮ್ಮ ತಮ್ಮನ ಮ್ಯಾಲ ಬರ್ತದ. ಅವನಿಗ ನೌಕರಿ ಆರ್ಡರ್ ಬರೋದದ ಅಂತ ಕೇಳೀನಿ. ವಿಚಾರ ಮಾಡ್ರಿ" ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ, ಒಳ್ಳೆಯದಕ್ಕೇ ಹೇಳುತ್ತಿದ್ದರು.

"ನಾನು ಮಾರುತಿನ್ನ ನೋಡಿಲ್ರಿ. ಯಾರನ್ನೂ ನೋಡಿಲ್ಲ" ಎಂದೆ. ಲ್ಯಾಪ್‌ಟಾಪ್ ತೆರೆದು ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಗಿರಣಿಯ ಮುಂದಿನ ಆಕೃತಿಯ ಮೇಲೆ ಪೆನ್ನಿನ ತುದಿ ಇಟ್ಟರು. "ಇಂವ ಯಾರ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಅಲ್ಲಿದ್ದದ್ದು ಬರೀ ಚೌಕಗಳು.

"ನನ್ನ ತಮ್ಮರಿ. ಕಲ್ಲು ಅವನದೋ ಅಲ್ವೋ ಗೊತ್ತಿಲ್ಲ. ಇದರಾಗ ಇಲ್ಲ" ಎಂದೆ.

ಮಿಲಿಂದನನ್ನೂ ಇನ್ನಿಬ್ಬರನ್ನೂ ಮಾರುತಿಗೆ ಹೊಡೆದ ಕೇಸಿನಲ್ಲಿ ಒಳಗೆ ಹಾಕಿದರು. ಜಾಮೀನು ಸಿಗುವಷ್ಟರಲ್ಲಿ ಅವನ ನೌಕರಿಯ ಆರ್ಡರು ತಡೆದಾಗಿತ್ತು; ಆಮೇಲೆ ಅದು ಬರಲೇ ಇಲ್ಲ. ನಮ್ಮ ಕಿಟಕಿಯ ಗಾಜಿಗೆ ಓಣಿಯವರೇ ಕಲ್ಲೆಸೆದರು. ಮಾರುತಿಯನ್ನು ಬಿಟ್ಟರು; ಕೈ ಸೊಟ್ಟಗೆ ಕೂಡಿಕೊಂಡಿದ್ದರಿಂದ ಭಾರ ಎತ್ತಲಾಗದೆ, ಆತ ಹೆಂಡತಿಯೊಂದಿಗೆ ಊರಿಗೆ ಮರಳಿದನೆಂದು ಕೇಳಿದೆ. ನನ್ನ ಕಣ್ಣಿನ ಕೇಸು ಸಾಕ್ಷಿಯಿಲ್ಲದೆ ಮುಚ್ಚಿತು.

ಬಿಡುಗಡೆಯಾಗಿ ಬಂದ ಮಿಲಿಂದ ಬಹಳ ದಿನ ಮಾತಾಡಲಿಲ್ಲ. ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಎದುರಿಗೆ ಬಂದು ಕೂತ.

"ನಾ ನಿನಗ ಕರದಿದ್ದೆ" ಎಂದ. "ಈ ಕಡಿ ಬಾ ಅಂತ ಕೂಗಿದ್ದೆ. ಅದಕ್ಕೇ ನೀ ತಿರಗಿದ್ದಿ."

ನಾನು ರೊಟ್ಟಿ ಕೆಳಗಿಟ್ಟೆ.

"ಕೂಗಿ, ಆ ಮ್ಯಾಲ ಕಲ್ಲು ಒಗದೆ. ಅವರ ಕಡಿ ಒಗದೆ. ಎಲ್ಲಾರೂ ಒಗೀಲತ್ತಿದ್ರು." ನನ್ನ ತಾಟಿನ ಅಂಚು ಹಿಡಿದುಕೊಂಡ. "ನಂದೇ ಏನಕ್ಕ ಅದು?"

"ಗೊತ್ತಿಲ್ಲ."

"ಇನ್ನೊಮ್ಮೆ ನೋಡಿ ಹೇಳು."

"ಎಷ್ಟು ಸಲ ನೋಡಿದ್ರೂ ಅದರಾಗ ಇಲ್ಲ ಮಿಲಿಂದ."

"ನಿಂದಲ್ಲ ಅಂತ ಒಂದ್ ಮಾತು ಅನ್ನಲಕ್ಕ ಆಗಲ್ಲೇನು ನಿನಗ?" ಎಂದು ನನ್ನ ತಾಟನ್ನು ಎತ್ತಿ ಗೋಡೆಗೆ ಎಸೆದ. ಪಲ್ಯ ಗೋಡೆಯ ಮೇಲೆ ಇಳಿಯಿತು.

"ಮಾರುತಿಗ ನಿಂದೇ ಅಂತ ಅಂದಿದ್ರು" ಎಂದೆ. "ನೋಡ್ದೇ ಅಂದಿದ್ರು."

ಅವನು ಎದ್ದು ತಾನೇ ಗೋಡೆ ಒರೆಸಿ, ತಾಟು ತೊಳೆದಿಟ್ಟ.

ಮೊದಲ ಮಳೆ ಬಿದ್ದ ವಾರ, ಯಾರಿಗೂ ಹೇಳದೆ ಔರಾದ ಬಸ್ಸು ಹತ್ತಿ ಹೋದ. ಸಂಜೆ ಬಂದಾಗ ಅವ್ವ ಬಾಗಿಲಲ್ಲೇ ಎದೆ ಹಿಡಿದು ನಿಂತಳು. ಹುಬ್ಬು ಒಡೆದು ರಕ್ತ ಒಣಗಿತ್ತು. ತುಟಿ ಬಾತಿತ್ತು. ಅಂಗಿಯ ತೋಳು ಭುಜದಿಂದ ಹರಿದಿತ್ತು.

"ಮಾರುತಿ ಮನಿಗಿ ಹೋಗಿದ್ದೇನು?" ಎಂದೆ.

"ಹೂಂ."

"ಅಂವ ಹೊಡದನಾ?"

"ಇಲ್ಲ. ಅವನ ತಮ್ಮ." ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದ. ನೀರು ಕೆಂಪಗಿತ್ತು.

"ನೀ ಏನ್ ಮಾಡ್ದಿ?"

"ಕುಂತಿದ್ದೆ" ಎಂದ. "ಸಾಕು ಅಂತ ಕಮಲಾಬಾಯಿನೇ ಬಿಡಿಸಿದಳು."

ಮುಖ ಒರೆಸಿಕೊಂಡು ಒಳಗೆ ಬಂದು ಮಣೆ ಹಾಕಿಕೊಂಡ. "ಹಸಿವಾಗ್ಯಾದಕ್ಕ" ಎಂದ. ನಾನು ಅವನಿಗೆ ಬಡಿಸಿದೆ.